ಕಾಲೇಜು ಮಕ್ಕಳ ನಡುವೆ ಮಿಷನ್ ಸೇವೆ: ನಿವೃತ್ತ ದಂಪತಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಸೋಮವಾರ ಸಂಜೆ ಏಳು ಗಂಟೆ ಹೊತ್ತಿಗೆ ನಾನು ಬಾಗಿಲ ಹೊರಗಿನ ಚಪ್ಪಲಿ ಎಣಿಸುತ್ತಿದ್ದೆ. ಹದಿನಾಲ್ಕು ಜೊತೆ ಇದ್ದರೆ ಕುಕ್ಕರ್‌ನಲ್ಲಿ ಇಟ್ಟದ್ದು ಸಾಕು. ಇಪ್ಪತ್ತು ದಾಟಿದರೆ ಇನ್ನೊಂದು ಪಾವು ಅಕ್ಕಿ ತೊಳೆಯಬೇಕು. ಪರೀಕ್ಷೆ ವಾರದಲ್ಲಿ ಐದೇ ಜೊತೆ. ಆ ಐದು ಮಕ್ಕಳಿಗೆ ಅವತ್ತು ಊಟಕ್ಕಿಂತ ಮಾತು ಜಾಸ್ತಿ ಬೇಕಿರುತ್ತಿತ್ತು.

ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮವರು ಬ್ಯಾಂಕಿನಲ್ಲಿದ್ದವರು. ಬೆಂಗಳೂರಿನವರು ನಾವು. ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆಯ ಸದಸ್ಯರು. ಹೊರಗಿನವರು ಮಾರ್ಮನ್ ಅಂತ ಕರೆಯುವುದು ಇದೇ ಸಭೆಯನ್ನು. ಹೈದರಾಬಾದಿನಲ್ಲಿ 18 ತಿಂಗಳು ಸೀನಿಯರ್ ಮಿಷನರಿ ದಂಪತಿಯಾಗಿ ಕಾಲೇಜು ಮಕ್ಕಳ ಜೊತೆ ಇದ್ದೆವು. ಹೊರಡುವ ಮೊದಲು ನಮಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿದ ಮಾತುಗಳನ್ನೆಲ್ಲ ಇಲ್ಲಿ ಬರೆದಿದ್ದೇನೆ. ಬೇರೆ ಸಭೆಯವರಿಗೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬರಬಹುದು.

ಮೊದಲು ತಿಳಿಯಬೇಕಾದದ್ದು: ನಿಮ್ಮನ್ನು ಯಾಕೆ ಕಳಿಸುತ್ತಾರೆ

ಬಿಳಿ ಅಂಗಿ ಹಾಕಿ ಇಬ್ಬಿಬ್ಬರಾಗಿ ಓಡಾಡುವ ಹುಡುಗರನ್ನು ನೀವು ನೋಡಿರಬಹುದು. ಅವರು ಎಳೆಯ ಮಿಷನರಿಗಳು. ಅವರ ದಿನಚರಿ ಬಿಗಿ. ಎಲ್ಲಿಗೆ ಹೋಗಬೇಕು ಅನ್ನುವುದೂ ಅವರ ಕೈಯಲ್ಲಿಲ್ಲ. ಹಿರಿಯ ದಂಪತಿಗಳ ಕೆಲಸ ಬೇರೆ. ಆಸ್ಪತ್ರೆ, ನೀರಿನ ಯೋಜನೆಯಂಥ ಪರೋಪಕಾರದ ಕೆಲಸ, ದೇವಾಲಯ ಸೇವೆ, ವಂಶಾವಳಿ ದಾಖಲೆ, ಕಚೇರಿ ಕೆಲಸ ಹೀಗೆ ಹಲವು ಬಗೆ ಇವೆ. ಅದರಲ್ಲಿ ಒಂದು ಕಾಲೇಜು ವಯಸ್ಸಿನ ಮಕ್ಕಳ ಜೊತೆಗಿನ ಕೆಲಸ.

ಭಾರತದಲ್ಲಿ ಈ ಕೆಲಸಕ್ಕೆ ಒಂದು ವಿಶೇಷ ಕಾರಣ ಇದೆ. ಇಲ್ಲಿ ನಮ್ಮ ಸಭೆ ಇನ್ನೂ ಎಳೆಯದು. ಬೆಂಗಳೂರಿನಲ್ಲಿ ಮಿಷನ್ ಶುರುವಾದದ್ದು 1993ರಲ್ಲಿ. ದೇಶದ ಮೊದಲ ಸ್ಟೇಕ್, ಅಂದರೆ ಹಲವು ಸಭೆಗಳು ಸೇರಿದ ವಲಯ, ಹೈದರಾಬಾದಿನಲ್ಲಿ ಆದದ್ದು 2012ರಲ್ಲಿ. ಬೆಂಗಳೂರಿಗೆ ದೇವಾಲಯ ಬರುತ್ತದೆ ಎಂದು 2018ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂತೆ ನೆಲ ಅಗೆಯುವ ಕಾರ್ಯಕ್ರಮ ನಡೆಯಿತು. ಹಾಗಾಗಿ ಎಷ್ಟೋ ಮಕ್ಕಳು ತಮ್ಮ ಮನೆಯಲ್ಲಿ ಒಬ್ಬರೇ ಸದಸ್ಯರು. ಈ ನಂಬಿಕೆಯಲ್ಲೇ ತಲೆ ನರೆತ ಗಂಡ ಹೆಂಡತಿ ಒಟ್ಟಿಗೆ ಮೊಣಕಾಲೂರಿ ಪ್ರಾರ್ಥನೆ ಮಾಡುವುದನ್ನು, ಜಗಳ ಆದ ಮೇಲೆ ಒಬ್ಬರಿಗೊಬ್ಬರು ಸಾರಿ ಕೇಳುವುದನ್ನು ಅವರು ಕಂಡೇ ಇಲ್ಲ. ನಿಮ್ಮ ಪಾಠಕ್ಕಿಂತ ಅವರು ನೋಡುವುದು ನಿಮ್ಮ ಸಂಸಾರವನ್ನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ತಾನಾಗಿ ಅರ್ಥವಾಗುತ್ತವೆ.

ಹೆಜ್ಜೆ 1: ಇಬ್ಬರೂ ಬೇರೆ ಬೇರೆ ಕೂತು ಬರೆಯಿರಿ

ಒಬ್ಬರಿಗೆ ಆಸೆ, ಇನ್ನೊಬ್ಬರಿಗೆ ಒಲ್ಲದ ಮನಸ್ಸು ಇದ್ದರೆ ಈ ಸೇವೆ ನಡೆಯುವುದಿಲ್ಲ. ಒಂದೊಂದು ಹಾಳೆ ತೆಗೆದುಕೊಂಡು ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ಒಂದೂವರೆ ವರ್ಷ ಮನೆ ಬಿಟ್ಟಿರಲು ನನಗೆ ಕಷ್ಟ ಆಗುವುದು ಯಾವುದರಿಂದ? ಆಮೇಲೆ ಹಾಳೆ ಬದಲಾಯಿಸಿಕೊಂಡು ಓದಿ. ನಮ್ಮವರು ಮೊಮ್ಮಗನ ಹೆಸರು ಬರೆದಿದ್ದರು. ನಾನು ನನ್ನ ಮೊಣಕಾಲು ನೋವು ಬರೆದಿದ್ದೆ. ಆ ಎರಡಕ್ಕೂ ದಾರಿ ಹುಡುಕಿದ ಮೇಲೇ ನಾವು ಬಿಷಪ್, ಅಂದರೆ ನಮ್ಮ ಸ್ಥಳೀಯ ಸಭೆಯನ್ನು ನೋಡಿಕೊಳ್ಳುವವರ, ಹತ್ತಿರ ಹೋದದ್ದು. ಮೊಮ್ಮಗನಿಗೆ ದಿನಾ ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್. ನನಗೆ ಲಿಫ್ಟ್ ಇರುವ ಮನೆ.

ಹೆಜ್ಜೆ 2: ಅರ್ಜಿ

ಇದು ಅಂದುಕೊಂಡಷ್ಟು ಕಷ್ಟ ಇಲ್ಲ. ಬಿಷಪ್ ಜೊತೆ ಮಾತು, ಸ್ಟೇಕ್ ಅಧ್ಯಕ್ಷರ ಜೊತೆ ಮಾತು, ಆನ್‌ಲೈನ್ ಫಾರಂ, ವೈದ್ಯರ ಮತ್ತು ದಂತವೈದ್ಯರ ವರದಿ. ಹಲ್ಲಿನ ಕೆಲಸ ಇದ್ದರೆ ಮೊದಲೇ ಮುಗಿಸಿಕೊಳ್ಳಿ. ಮನೆಯಲ್ಲಿ ನಿಮ್ಮನ್ನೇ ನಂಬಿರುವ ಮಕ್ಕಳು ಇರಬಾರದು. ಹಿರಿಯರಿಗೆ 6, 12, 18, 23 ತಿಂಗಳು ಹೀಗೆ ಅವಧಿ ಆರಿಸಿಕೊಳ್ಳುವ ಅವಕಾಶ ಇದೆ. ಎಂಥ ಕೆಲಸ, ಯಾವ ಕಡೆ ಅಂತ ಇಷ್ಟವನ್ನೂ ಹೇಳಬಹುದು. ಕೊನೆಗೆ ಕರೆ, ಅಂದರೆ ಎಲ್ಲಿ ಯಾವ ಸೇವೆ ಅನ್ನುವ ನೇಮಕ, ಬರುವುದು ಇಡೀ ಸಭೆಯ ಅಧ್ಯಕ್ಷರಿಂದ. ಬೇರೆ ಕಡೆಗೆ ಕರೆ ಬಂದರೂ ಹೋಗುತ್ತೀರಾ ಅಂತ ಮನಸ್ಸನ್ನು ಕೇಳಿಕೊಂಡೇ ಫಾರಂ ತುಂಬಿ.

ಕಾಲೇಜು ಮಕ್ಕಳ ಕೆಲಸಕ್ಕೆ 6 ತಿಂಗಳು ಕಡಿಮೆ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳು ಮನಸ್ಸು ಬಿಚ್ಚಲು ಒಂದು ಸೆಮಿಸ್ಟರ್ ಬೇಕು. ಅವರು ಬಿಚ್ಚುವ ಹೊತ್ತಿಗೆ ನೀವು ಗಂಟುಮೂಟೆ ಕಟ್ಟುತ್ತಿರುತ್ತೀರಿ.

ತರಬೇತಿ ಚಿಕ್ಕದು. ಕೆಲವರಿಗೆ ತರಬೇತಿ ಕೇಂದ್ರದಲ್ಲಿ, ಕೆಲವರಿಗೆ ಮನೆಯಿಂದಲೇ ಆನ್‌ಲೈನ್.

ಹೆಜ್ಜೆ 3: ದುಡ್ಡು, ಪಿಂಚಣಿ, ಮನೆ ಕೀಲಿ

ಹಿರಿಯ ದಂಪತಿಗಳು ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕು. ಬಾಡಿಗೆ ಭಾರ ಆಗಬಾರದು ಅಂತ 2011ರಲ್ಲಿ ಸಭೆ ಒಂದು ಮಿತಿ ತಂದಿತು. ತಿಂಗಳಿಗೆ 1,400 ಡಾಲರ್ ದಾಟಿದ ಮನೆ ಖರ್ಚನ್ನು ಸಭೆ ನೋಡಿಕೊಳ್ಳುತ್ತದೆ ಅಂತ. ನಮ್ಮ ದೇಶದೊಳಗೇ ಸೇವೆ ಮಾಡುವವರಿಗೆ ಬಾಡಿಗೆ ಆ ಮಟ್ಟಕ್ಕೆ ಹೋಗುವುದೇ ಇಲ್ಲ ಬಿಡಿ. ಮನೆಯ ಮುಖ್ಯ ಕಾರ್ಯಕ್ಕೆ ಸ್ವಂತ ಖರ್ಚಿನಲ್ಲಿ ಸ್ವಲ್ಪ ದಿನ ಊರಿಗೆ ಹೋಗಿಬರುವ ಅವಕಾಶವೂ ಆಗಲೇ ಸಿಕ್ಕಿತು. ಹೊರಡುವಾಗ ನಿಯಮ ಏನಿದೆ ಅಂತ ಮಿಷನ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಪಿಂಚಣಿದಾರರು ಮರೆಯಬಾರದ ತಿಂಗಳು ನವೆಂಬರ್. ಜೀವನ ಪ್ರಮಾಣ ಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. 2014ರಿಂದ ಇದನ್ನು ಡಿಜಿಟಲ್ ಆಗಿ ಕೊಡುವ ವ್ಯವಸ್ಥೆ ಇದೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಹೊರಡುವ ಮೊದಲೇ ಮಗನನ್ನೋ ಮಗಳನ್ನೋ ಪಕ್ಕ ಕೂರಿಸಿಕೊಂಡು ಒಂದು ಸಲ ಮಾಡಿ ನೋಡಿ. ಆಧಾರ್‌ಗೆ ಸೇರಿಸಿದ ಫೋನ್ ನಂಬರ್ ಚಾಲ್ತಿಯಲ್ಲಿರಲಿ.

ಆರೋಗ್ಯ ವಿಮೆ ನೀವು ಹೋಗುವ ಊರಿನ ಆಸ್ಪತ್ರೆಯಲ್ಲಿ ನಡೆಯುತ್ತದಾ ನೋಡಿ. ದಿನದ ಮಾತ್ರೆಗಳ ಚೀಟಿಯನ್ನು ಫೋಟೋ ತೆಗೆದು ಮಕ್ಕಳಿಗೂ ಕಳಿಸಿ. ಮನೆ ಕೀಲಿ ಒಬ್ಬರ ಹತ್ತಿರ ಮಾತ್ರ ಇರಲಿ. ಇಬ್ಬರ ಹತ್ತಿರ ಇದ್ದರೆ ಟ್ಯಾಂಕ್ ತುಂಬಿ ಹರಿಯುವಾಗ ಅವರು ನೋಡ್ತಾರೆ ಅಂತ ಇವರು, ಇವರು ನೋಡ್ತಾರೆ ಅಂತ ಅವರು.

ಹೆಜ್ಜೆ 4: ಮೊದಲ ತಿಂಗಳು ಪಾಠ ಬೇಡ, ಹೆಸರು ಕಲಿಯಿರಿ

ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಮಗುವಿಗೆ ಒಂದು ಪುಟ. ಹೆಸರು, ಊರು, ಕಾಲೇಜು, ಯಾವ ಸೆಮಿಸ್ಟರ್, ಹಾಸ್ಟೆಲ್ಲೋ ಪಿಜಿಯೋ ಮನೆಯೋ, ಗೇಟ್ ಮುಚ್ಚುವ ಹೊತ್ತು, ಪರೀಕ್ಷೆ ದಿನಾಂಕ, ಹುಟ್ಟುಹಬ್ಬ. ಅಷ್ಟೇ. ಅವರ ಗುಟ್ಟಿನ ಮಾತುಗಳನ್ನು ಯಾವತ್ತೂ ಅದರಲ್ಲಿ ಬರೆಯಬೇಡಿ.

ಗೇಟ್ ಮುಚ್ಚುವ ಹೊತ್ತು ಯಾಕೆ ಅಂತ ಹೇಳುತ್ತೇನೆ. ಮೊದಲ ವಾರ ನಾವು ತರಗತಿಯನ್ನು ಏಳು ಗಂಟೆಗೆ ಇಟ್ಟೆವು. ಮಾತು ಮುಗಿದಾಗ ಎಂಟೂಕಾಲು. ಇಬ್ಬರು ಹುಡುಗಿಯರು ಅಮೀರ್‌ಪೇಟೆಯ ಹಾಸ್ಟೆಲ್ ತಲುಪುವಷ್ಟರಲ್ಲಿ ಗೇಟ್ ಹಾಕಿತ್ತು. ವಾರ್ಡನ್ ಮನೆಗೆ ಫೋನ್ ಮಾಡಿದರು. ಊರಿನಲ್ಲಿ ಅಪ್ಪ ಅಮ್ಮನಿಗೆ ಇಡೀ ರಾತ್ರಿ ನಿದ್ದೆ ಇಲ್ಲ. ತಪ್ಪು ನಮ್ಮದು. ಮಾರನೇ ದಿನ ನಾವಿಬ್ಬರೂ ಹೋಗಿ ವಾರ್ಡನ್ ಹತ್ತಿರ ಕ್ಷಮೆ ಕೇಳಿದೆವು, ಅಪ್ಪ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದೆವು. ಅಂದಿನಿಂದ ತರಗತಿ ಐದೂವರೆಗೆ, ಏಳಕ್ಕೆ ಮುಗಿಯಲೇಬೇಕು. ನಮ್ಮವರು ಮೆಟ್ರೊ ಸ್ಟೇಷನ್‌ವರೆಗೆ ಮಕ್ಕಳ ಜೊತೆ ನಡೆದು ಹೋಗಿ ಬಿಟ್ಟು ಬರುತ್ತಿದ್ದರು. ಪಾಠದಲ್ಲಿ ಬಾಯಿ ಬಿಡದ ಹುಡುಗರು ಆ ಹತ್ತು ನಿಮಿಷದ ನಡಿಗೆಯಲ್ಲಿ ಮನಸ್ಸು ಬಿಚ್ಚುತ್ತಿದ್ದರು.

ಊರು ಹೊಸದಾದರೆ ಭಾಷೆಗೂ ಹೊಂದಿಕೊಳ್ಳಬೇಕು. ಕನ್ನಡ ಓದುವವರಿಗೆ ತೆಲುಗು ಬೋರ್ಡು ಒಂದು ವಾರದಲ್ಲಿ ಓದಲು ಬರುತ್ತದೆ, ಅಕ್ಷರಗಳು ಅಷ್ಟು ಹತ್ತಿರ. ಬಸ್ಸಿನ ಬೋರ್ಡನ್ನು ನಾನು ಗಟ್ಟಿಯಾಗಿ ಓದಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಪಾಠಕ್ಕೆ ಇಂಗ್ಲಿಷ್ ನಡೆಯುತ್ತದೆ. ಆದರೆ "ತಿನ್ನಾವಾ?" ಅಂತ ಕೇಳಲು ತೆಲುಗೇ ಬೇಕು.

ಹೆಜ್ಜೆ 5: ಇನ್‌ಸ್ಟಿಟ್ಯೂಟ್ ತರಗತಿ

ಇನ್‌ಸ್ಟಿಟ್ಯೂಟ್ ಅಂದರೆ ಕಾಲೇಜು ವಯಸ್ಸಿನವರಿಗೆ ವಾರದ ಧರ್ಮಪಾಠ. ಇದು ಮೊದಲು ಶುರುವಾದದ್ದು ಅಮೆರಿಕದ ಐಡಹೊ ರಾಜ್ಯದ ಮಾಸ್ಕೋ ಅನ್ನುವ ಊರಿನಲ್ಲಿ, 1926ರಲ್ಲಿ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಮಕ್ಕಳಿಗೆ ಓದೂ ನಂಬಿಕೆಯೂ ಜೊತೆಯಲ್ಲೇ ಬೆಳೆಯಲಿ ಅನ್ನುವ ಉದ್ದೇಶ. ನೂರು ವರ್ಷ ಆದರೂ ಉದ್ದೇಶ ಅದೇ. ಬೇರೆ ಧರ್ಮದ ಸ್ನೇಹಿತರು ತಾವಾಗಿ ಬಂದರೆ ಅವರಿಗೂ ಜಾಗ ಇದೆ.

ನಾನು ಮೂವತ್ತು ವರ್ಷ ಕಪ್ಪುಹಲಗೆ ಮುಂದೆ ನಿಂತವಳು. ಹಾಗಾಗಿ ಸುಮ್ಮನಿರುವುದನ್ನು ಇಲ್ಲಿ ಹೊಸದಾಗಿ ಕಲಿತೆ. ಕಾಲೇಜು ಮಕ್ಕಳಿಗೆ ಬೆಳಗ್ಗಿನಿಂದ ಉಪನ್ಯಾಸ ಕೇಳಿ ಕೇಳಿ ಸಾಕಾಗಿರುತ್ತದೆ. ಸಂಜೆ ಇನ್ನೊಂದು ಉಪನ್ಯಾಸ ಯಾಕೆ ಅಲ್ವಾ? ನಾನು ಮಾಡಿಕೊಂಡ ಕ್ರಮ ಇದು. ಓದಬೇಕಾದ ಧರ್ಮಗ್ರಂಥದ ವಚನಗಳನ್ನು ಎರಡು ದಿನ ಮೊದಲೇ ವಾಟ್ಸಾಪ್ ಗ್ರೂಪಿಗೆ ಕಳಿಸುವುದು. ಮೂರೇ ಪ್ರಶ್ನೆ ಬರೆದುಕೊಂಡು ಹೋಗುವುದು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುವುದು. ಹತ್ತಕ್ಕೆ ಯಾರೂ ಮಾತಾಡುವುದಿಲ್ಲ. ಹದಿನೈದಕ್ಕೆ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ. ಹದಿನೆಂಟಕ್ಕೆ ಮಾತು ಬರುತ್ತದೆ.

"ದೇವರು ಇದ್ದರೆ ನಮ್ಮಪ್ಪ ಯಾಕೆ ಕುಡೀತಾರೆ?" ಅಂತ ಒಬ್ಬ ಹುಡುಗ ಕೇಳಿದ. ಇಂಥ ಪ್ರಶ್ನೆಗೆ ತಕ್ಷಣ ಉತ್ತರ ಕೊಡಬೇಡಿ. ನಾನು "ಗೊತ್ತಿಲ್ಲ ಕಣಪ್ಪಾ, ಆದರೆ ಮುಂದಿನ ವಾರವೂ ಇದನ್ನೇ ಮಾತಾಡೋಣ" ಅಂದೆ. ಆ ಹುಡುಗ ಮುಂದಿನ ವಾರ ಬಂದ. ಅದರ ಮುಂದಿನ ವಾರವೂ ಬಂದ.

ಹೆಜ್ಜೆ 6: ಪಾತ್‌ವೇ ಮಕ್ಕಳು

ನಿಮ್ಮ ಕರೆಯಲ್ಲಿ ಬಿವೈಯು ಪಾತ್‌ವೇ ಸೇರಿದ್ದರೆ ಇದನ್ನು ಓದಿ. ಬಿವೈಯು ಅಂದರೆ ನಮ್ಮ ಸಭೆಯ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ. ಕಾಲೇಜು ಮೆಟ್ಟಿಲು ಹತ್ತಲಾಗದವರಿಗೆ, ಅರ್ಧಕ್ಕೆ ಬಿಟ್ಟವರಿಗೆ ಕಡಿಮೆ ಖರ್ಚಿನ ಆನ್‌ಲೈನ್ ಓದು ಅದು. 2009ರಲ್ಲಿ ಅಮೆರಿಕದ ಮೂರು ಊರುಗಳಲ್ಲಿ ಪ್ರಯೋಗವಾಗಿ ಶುರುವಾಯಿತು. ಆಗಿನಿಂದಲೂ ಅದರ ಬೆನ್ನೆಲುಬು ಹಿರಿಯ ದಂಪತಿಗಳೇ. ಮೊದಲ ಹಂತದಲ್ಲಿ ಬದುಕಿನ, ಉದ್ಯೋಗದ, ಕಾಲೇಜಿನ ಕೌಶಲಗಳನ್ನು ಕಲಿಸುತ್ತಾರೆ. ಮುಂದೆ ಪದವಿವರೆಗೂ ದಾರಿ ಇದೆ. ಶುಲ್ಕ ದೇಶ ದೇಶಕ್ಕೆ ಬೇರೆ.

ಇಲ್ಲಿ ನೀವು ಮೇಷ್ಟ್ರಲ್ಲ. ವಾರದ ಭೇಟಿಯನ್ನು ವಿದ್ಯಾರ್ಥಿಗಳೇ ಸರದಿಯ ಮೇಲೆ ನಡೆಸುತ್ತಾರೆ. ನೀವು ಹಿಂದೆ ಕೂತಿರಬೇಕು. ನಿಜವಾದ ಕೆಲಸ ಮಾರನೇ ದಿನ: ಯಾರು ಬರಲಿಲ್ಲ, ಯಾರು ಅಸೈನ್‌ಮೆಂಟ್ ಕೊಟ್ಟಿಲ್ಲ ಅಂತ ನೋಡಿ ಫೋನ್ ಮಾಡುವುದು. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಇದ್ದ. ರಾತ್ರಿ ಹತ್ತಕ್ಕೆ ರೂಮಿಗೆ ಬಂದು, ಗಾಜು ಬಿರುಕು ಬಿಟ್ಟ ಫೋನಿನಲ್ಲೇ ಇಂಗ್ಲಿಷ್ ಪ್ರಬಂಧ ಬರೆಯುತ್ತಿದ್ದ. ಎರಡು ವಾರ ಹಿಂದೆ ಬಿದ್ದ. "ಯಾಕೆ ಬರೆದಿಲ್ಲ?" ಅಂತ ಕೇಳಿದ್ದರೆ ಅವನು ಫೋನ್ ಎತ್ತುವುದನ್ನೇ ಬಿಡುತ್ತಿದ್ದ. ನಮ್ಮವರು "ಭಾನುವಾರ ಬಾ, ನಮ್ಮ ಲ್ಯಾಪ್‌ಟಾಪ್ ಖಾಲಿ ಇರುತ್ತೆ" ಅಂದರು. ಊಟದ ಮೇಜಿನ ಮೇಲೆ ಕೂತು ಎರಡೂ ಪ್ರಬಂಧ ಮುಗಿಸಿದ. ಬರೆದದ್ದು ಅವನೇ. ನಾವು ಒಂದು ವಾಕ್ಯವನ್ನೂ ಮುಟ್ಟಲಿಲ್ಲ. ಮುಟ್ಟಲೂಬಾರದು.

ಹೆಜ್ಜೆ 7: ಸೋಮವಾರದ ಮನೆ

ನಮ್ಮ ಸಭೆಯಲ್ಲಿ ಸೋಮವಾರ ಸಂಜೆ ಮನೆಮಂದಿಗೆ ಮೀಸಲು. ಊರು ಬಿಟ್ಟು ಬಂದ ಮಕ್ಕಳಿಗೆ ಆ ಸಂಜೆ ನಿಮ್ಮ ಮನೆಯೇ ಮನೆ. ನನ್ನ ಕೇಳಿದರೆ ಇಡೀ ಸೇವೆಯ ಜೀವ ಇರುವುದು ಇಲ್ಲೇ. ಒಂದು ಪ್ರಾರ್ಥನೆ, ಒಂದು ಹಾಡು, ಹತ್ತು ನಿಮಿಷದ ಮಾತು, ಒಂದು ಆಟ, ಊಟ. ಇದೇ ಕ್ರಮ, ಇದೇ ದಿನ. ಮಳೆ ಬಂದರೂ, ಇಬ್ಬರೇ ಬಂದರೂ ನಡೆಸಿ. "ಈ ವಾರ ಇದೆಯಾ ಆಂಟೀ?" ಅಂತ ಯಾರೂ ಫೋನ್ ಮಾಡಿ ಕೇಳುವ ಹಾಗಿರಬಾರದು.

ಊಟ ಒಂದೇ ಪಾತ್ರೆಯದ್ದಾಗಲಿ. ನನ್ನ ಲೆಕ್ಕ: 20 ಮಕ್ಕಳ ಬಿಸಿಬೇಳೆಬಾತಿಗೆ ಒಂದೂಕಾಲು ಕೆಜಿ ಅಕ್ಕಿ, 700 ಗ್ರಾಂ ತೊಗರಿಬೇಳೆ, ಎರಡು ಕೆಜಿ ತರಕಾರಿ. ಬೇಳೆಯನ್ನು ಬೇರೆಯಾಗಿ ಮೊದಲೇ ಬೇಯಿಸಿಡಿ. ಹುಣಸೆರಸ ಮತ್ತು ಪುಡಿಯನ್ನು ತರಕಾರಿಯ ಜೊತೆ ಕುದಿಸಿ, ಆಮೇಲೆ ಬೇಳೆ, ಅನ್ನ ಸೇರಿಸಿ. ಮಕ್ಕಳು ಬರುವ ಹೊತ್ತಿಗೆ ಗಟ್ಟಿಯಾಗುತ್ತದೆ, ಅದಕ್ಕೆ ಒಂದು ಪಾತ್ರೆ ಬಿಸಿನೀರು ಪಕ್ಕದಲ್ಲೇ ಇರಲಿ. ಜೊತೆಗೆ ಖಾರಾ ಬೂಂದಿ. ಆಂಧ್ರದ ಮಕ್ಕಳು ಇದರ ಮೇಲೂ ಆವಕಾಯಿ ಹಾಕಿಕೊಳ್ಳುತ್ತಾರೆ, ಹಾಕಿಕೊಳ್ಳಲಿ. ನಾವು ಚಹಾ ಕಾಫಿ ಕುಡಿಯುವವರಲ್ಲ. ಇರಾನಿ ಚಹಾದ ಊರಿನಲ್ಲಿ ನಮ್ಮ ಮನೆಗೆ ಬಂದವರಿಗೆ ರಾಗಿ ಮಾಲ್ಟ್ ಕೊಡುತ್ತಿದ್ದೆ. ಬೆಲ್ಲ ಹಾಕಿ, ಒಂದು ಏಲಕ್ಕಿ ಜಜ್ಜಿ.

ಪಾತ್ರೆ ತೊಳೆಯಲು ಮಕ್ಕಳನ್ನು ಬಿಡಿ. ಬೇಡ ಅನ್ನಬೇಡಿ. ಸಿಂಕಿನ ಮುಂದೆ ಪಕ್ಕಪಕ್ಕ ನಿಂತಾಗ ಮುಖ ನೋಡದೇ ಮಾತಾಡಬಹುದು. ಅಪ್ಪನ ಸಾಲ, ಬ್ಯಾಕ್‌ಲಾಗ್, ಇಷ್ಟಪಟ್ಟ ಹುಡುಗ, ಎಲ್ಲವೂ ಹೊರಬರುವುದು ಅಲ್ಲೇ. ನಮ್ಮವರು ತೊಳೆಯಲು ನಿಂತರೆ ಹುಡುಗರು, ನಾನು ನಿಂತರೆ ಹುಡುಗಿಯರು ಬರುತ್ತಿದ್ದರು.

ಹೆಜ್ಜೆ 8: ದಾಟಬಾರದ ಗೆರೆಗಳು

ಒಬ್ಬರೇ ಒಬ್ಬ ಹುಡುಗಿಯ ಜೊತೆ ನಮ್ಮವರು, ಒಬ್ಬನೇ ಹುಡುಗನ ಜೊತೆ ನಾನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಯಾವತ್ತೂ ಕೂತಿಲ್ಲ. ಇಬ್ಬರೂ ಇರಬೇಕು, ಇಲ್ಲವೇ ಎಲ್ಲರಿಗೂ ಕಾಣುವ ಜಾಗ ಆಗಬೇಕು.

ಸಾಲ ಕೊಡಬೇಡಿ. ಫೀಸು ಕಟ್ಟಬೇಡಿ. ಹೊಟ್ಟೆ ಚುರುಕ್ ಅನ್ನುತ್ತದೆ, ನನಗೂ ಅಂದಿದೆ. ಆದರೆ ಒಬ್ಬರಿಗೆ ಕೊಟ್ಟ ದಿನದಿಂದ ಉಳಿದವರಿಗೆ ನೀವು ಬೇರೆಯಾಗಿ ಕಾಣುತ್ತೀರಿ. ಕಷ್ಟದಲ್ಲಿರುವ ಸದಸ್ಯರನ್ನು ಬಿಷಪ್ ಹತ್ತಿರ ಕರೆದುಕೊಂಡು ಹೋಗಿ. ತಿಂಗಳಿಗೊಂದು ಭಾನುವಾರ ನಾವು ಉಪವಾಸ ಇದ್ದು ಕೊಡುವ ಕಾಣಿಕೆ ಇರುವುದೇ ಇಂಥವರಿಗೆ. ಓದಿಗೆ ಸಾಲ ಬೇಕಿದ್ದರೆ 2001ರಲ್ಲಿ ಶುರುವಾದ ನಮ್ಮ ಸಭೆಯ ಶಾಶ್ವತ ಶಿಕ್ಷಣ ನಿಧಿಯ ಬಗ್ಗೆ ವಿಚಾರಿಸಿ.

ಕಾನೂನನ್ನೂ ತಿಳಿದಿರಿ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಸಾರುವ ಹಕ್ಕು ಕೊಟ್ಟಿದೆ. ವಿದೇಶಿ ದಂಪತಿಗಳಿಗೆ ಮಿಷನರಿ ವೀಸಾ ಬೇಕು, ಪ್ರವಾಸಿ ವೀಸಾದಲ್ಲಿ ಬಂದು ಧರ್ಮ ಬೋಧನೆ ಮಾಡುವಂತಿಲ್ಲ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ಉಡುಗೊರೆ, ಹಣ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ ಕಾಲೇಜಿನಲ್ಲಿ ಉಚಿತ ಶಿಕ್ಷಣ ಇವೂ ಆಮಿಷದ ಪಟ್ಟಿಯಲ್ಲಿವೆ. ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತಲೂ ಇದೆ. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕರ್ನಾಟಕಕ್ಕೆ ಬರುವವರು ಈಗಿನ ಸ್ಥಿತಿಯನ್ನು ವಕೀಲರಿಂದ ತಿಳಿದುಕೊಂಡೇ ಹೆಜ್ಜೆ ಇಡಿ. ಕಾನೂನು ಇರಲಿ ಬಿಡಲಿ, ಹಸಿದ ಮಗುವಿನ ಮುಂದೆ ತಟ್ಟೆ ಇಟ್ಟು ನಂಬಿಕೆಯ ಮಾತು ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಸೋಮವಾರ ಬರುವ ಹಿಂದೂ, ಮುಸ್ಲಿಂ ಸ್ನೇಹಿತರಿಗೆ ಊಟ ಊಟವೇ.

ಇನ್ನೊಂದು ಮಾತು, ತುಂಬಾ ಮುಖ್ಯವಾದದ್ದು. ಮಗು ಊಟ ಬಿಟ್ಟಿದ್ದರೆ, ನಿದ್ದೆ ಇಲ್ಲದಿದ್ದರೆ, "ಇದ್ದು ಏನು ಪ್ರಯೋಜನ" ಅನ್ನುತ್ತಿದ್ದರೆ, ಪ್ರಾರ್ಥನೆ ಮಾಡಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. "ಸಾಯೋ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ದುಡ್ಡಿಲ್ಲ, ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು. ಈ ನಂಬರನ್ನು ನಮ್ಮ ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದ್ದೆ. ಯಾರು ಬೇಕಾದರೂ ನೀರು ತೆಗೆದುಕೊಳ್ಳುವ ನೆಪದಲ್ಲಿ ಹೋಗಿ ಬರೆದುಕೊಳ್ಳಬಹುದಿತ್ತು.

ಹೆಜ್ಜೆ 9: ನಿಮ್ಮಿಬ್ಬರ ಬಗ್ಗೆ

ವಾರಕ್ಕೊಂದು ದಿನ ಬಿಡುವು ಇರಲಿ. ಎಳೆಯ ಮಿಷನರಿಗಳ ವೇಳಾಪಟ್ಟಿಯನ್ನು ಹಿರಿಯರು ಹಿಡಿಯಬೇಕಾಗಿಲ್ಲ. ಮಧ್ಯಾಹ್ನ ಮಲಗಿ. ಬಿಪಿ ನೋಡಿಕೊಳ್ಳಿ. ಇಷ್ಟು ವರ್ಷ ಒಬ್ಬರು ಬ್ಯಾಂಕಿಗೆ, ಒಬ್ಬರು ಶಾಲೆಗೆ ಹೋಗುತ್ತಿದ್ದವರು ಈಗ ದಿನವಿಡೀ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೆ ಇರುತ್ತೀರಿ. ಮೊದಲ ಮೂರು ತಿಂಗಳು ಸಣ್ಣಪುಟ್ಟದಕ್ಕೆಲ್ಲ ಮಾತಿಗೆ ಮಾತು ಬೆಳೆಯುತ್ತದೆ. ಕೆಲಸ ಹಂಚಿಕೊಳ್ಳಿ: ನಮ್ಮಲ್ಲಿ ಲೆಕ್ಕ, ಫೋನ್, ಓಡಾಟ ಅವರದ್ದು, ಪಾಠ, ಅಡುಗೆ, ನೋಟ್‌ಬುಕ್ ನನ್ನದು. ಅವರ ಫೋನ್ ಮಾತಿನ ನಡುವೆ ನಾನು ಬಾಯಿ ಹಾಕುತ್ತಿರಲಿಲ್ಲ. ನನ್ನ ಒಗ್ಗರಣೆಗೆ ಅವರು ಬರುತ್ತಿರಲಿಲ್ಲ.

ಹೆಜ್ಜೆ 10: ಬಿಟ್ಟು ಬರುವುದು

ಕೊನೆಯ ತಿಂಗಳು ಹೊಸದೇನೂ ಶುರು ಮಾಡಬೇಡಿ. ಹೋಗುವ ದಿನಾಂಕವನ್ನು ಎಂಟು ವಾರ ಮೊದಲೇ ಹೇಳಿ. ಹಾಸ್ಟೆಲ್ ಮಕ್ಕಳಿಗೆ ತಟ್ಟನೆ ಕೈಬಿಟ್ಟ ಹಾಗೆ ಆಗಬಾರದು. ಮುಂದಿನ ದಂಪತಿ ಬಂದಾಗ ಮಕ್ಕಳನ್ನು ಒಬ್ಬೊಬ್ಬರಾಗಿ ಪರಿಚಯ ಮಾಡಿಸಿ. ಬಂದ ಮೇಲೆ ಮೂರು ತಿಂಗಳು ನೀವಾಗಿ ಫೋನ್ ಮಾಡಬೇಡಿ. ಅವರಾಗಿ ಮಾಡಿದರೆ ಮಾತಾಡಿ, "ಹೊಸ ಆಂಟಿ ಅಂಕಲ್ ಹತ್ತಿರ ಹೋಗ್ತಿದ್ದೀಯಾ?" ಅಂತ ಕೇಳಿ. ವಾಟ್ಸಾಪ್ ಗ್ರೂಪಿನಿಂದಲೂ ಹೊರಗೆ ಬನ್ನಿ. ನನಗೆ ಇದು ಎಲ್ಲಕ್ಕಿಂತ ಕಷ್ಟ ಆಯಿತು.

ನೋಟ್‌ಬುಕ್ ಬಿಟ್ಟು ಬನ್ನಿ. ದೊಡ್ಡ ಕುಕ್ಕರ್ ಕೂಡ ಬಿಟ್ಟು ಬನ್ನಿ. ಹೊರಡುವ ಮೊದಲು ಅದರ ಗ್ಯಾಸ್ಕೆಟ್ ಹೊಸದು ಹಾಕಿಸಿ, ಒಳಗೆ ಒಂದು ಚೀಟಿ ಇಡಿ: 20 ಮಕ್ಕಳಿಗೆ ಅಕ್ಕಿ ಎಷ್ಟು, ಬೇಳೆ ಎಷ್ಟು, ಯಾರಿಗೆ ಖಾರ ಆಗುವುದಿಲ್ಲ, ಯಾವ ಹಾಸ್ಟೆಲ್ ಗೇಟ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ.